ಓದದ ಮಗುವಿಗೆ ಪತ್ರಿಕೆ ಹಿಡಿಸುವುದು ಹೇಗೆ?

ಚಿ. ಸೌ. ವಿದ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಖಿಲನ ಬಗ್ಗೆ ನೀನು ಬರೆದದ್ದನ್ನು ಓದಿದೆ. ಪುಸ್ತಕ ತಂದು ರಾಶಿ ಹಾಕಿದರೂ ಅವನು ಮುಟ್ಟುವುದಿಲ್ಲ, ಪತ್ರಿಕೆಯ ಕಡೆಗಂತೂ ತಿರುಗಿಯೂ ನೋಡುವುದಿಲ್ಲ ಎನ್ನುತ್ತೀಯ. ಅವನನ್ನು ಸೋಮಾರಿ ಎಂದು ಮಾತ್ರ ಕರೆಯಬೇಡಮ್ಮ. ಮಾತು ಮಕ್ಕಳಿಗೆ ಕೇಳುತ್ತ ಕೇಳುತ್ತ ಬಂದುಬಿಡುತ್ತದೆ, ಓದು ಹಾಗೆ ಬರುವುದಿಲ್ಲ. ಮನುಷ್ಯ ಬರವಣಿಗೆ ಕಂಡುಕೊಂಡು 5000 ವರ್ಷಗಳ ಮೇಲೆ ಸ್ವಲ್ಪ ಆಗಿರಬಹುದು, ಅಷ್ಟೇ. ಓದಿಗೆಂದೇ ಮೀಸಲಾದ ಜಾಗ ಹುಟ್ಟುವಾಗ ಮಿದುಳಿನಲ್ಲಿ ಇರುವುದಿಲ್ಲ. ನೋಟಕ್ಕೆ, ಮಾತಿಗೆ ಇರುವ ಭಾಗಗಳನ್ನೇ ಪಳಗಿಸಿಕೊಂಡು ಪ್ರತಿ ಮಗುವೂ ಹೊಸದಾಗಿ ಕಲಿಯಬೇಕು. ಒತ್ತಕ್ಷರ ಬಿಡಿಸುವುದರಲ್ಲೇ ಅವನ ಶಕ್ತಿಯೆಲ್ಲ ಖರ್ಚಾದರೆ ಅರ್ಥದ ಕಡೆಗೆ ಗಮನ ಹರಿಯುವುದು ಹೇಗೆ? ‘ಸಾರ್ವಜನಿಕ’ ಎಂಬ ಪದ ಬಂದಾಗ ಅರ್ಕಾವತ್ತಿನ ಹತ್ತಿರ ಮಗು ತಡವರಿಸುವುದನ್ನು ಗಮನಿಸು. ಅಕ್ಷರದ ನಂತರ ಬರೆದ ಗುರುತನ್ನು ಅದಕ್ಕಿಂತ ಮೊದಲೇ ಉಚ್ಚರಿಸಬೇಕು. ನಮಗೆ ಅದು ಕಣ್ಣಿಗೂ ಬೀಳುವುದಿಲ್ಲ, ಅವನಿಗೆ ಪ್ರತಿ ಸಲವೂ ಒಂದು ಲೆಕ್ಕ.

ಆದ್ದರಿಂದ ನೀನೇ ಓದಿ ಹೇಳು. ಓದಲು ಬಂದ ಮೇಲೆ ಇನ್ನೇಕೆ ಎಂದು ಬಹಳ ತಾಯಂದಿರು ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡ. ಮಗು ತಾನಾಗಿ ಓದಬಲ್ಲದ್ದಕ್ಕಿಂತ ಕಷ್ಟದ್ದನ್ನು ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳಬಲ್ಲದು. ಅವನ ತಂಗಿ ಪುಟ್ಟಿಗೂ ಈಗಿನಿಂದಲೇ ಓದಿ ಹೇಳು. ಶಿಶುವಾಗಿದ್ದಾಗಿನಿಂದಲೇ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿದೆ.

ಇನ್ನು ಪತ್ರಿಕೆಯ ವಿಷಯ. ಮುಖಪುಟ ಕೊಟ್ಟು ‘ಓದು’ ಎಂದರೆ ಅವನು ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಕ್ರಿಕೆಟ್ ಎಂದರೆ ಅವನಿಗೆ ಪ್ರಾಣ ತಾನೆ? ಕ್ರೀಡಾಪುಟ ಕೊಡು. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ. ಏಳು, ಎಂಟನೇ ತರಗತಿಯ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆ ಓದಲು ಕೊಟ್ಟರು. ಆಮೇಲೆ ಮೈದಾನದ ಮಾದರಿಯ ಮೇಲೆ ಬೊಂಬೆಗಳನ್ನು ನಡೆಸಿ, ಓದಿದ್ದನ್ನು ತೋರಿಸಲು ಹೇಳಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಮಾಡಿ ತೋರಿಸಿದರು. ತಿಳಿವಳಿಕೆ ಇದ್ದ ಕಡೆ ಓದು ಓಡುತ್ತದೆ. ಪತ್ರಿಕೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಆ ತಿಳಿವಳಿಕೆಯನ್ನೇ ಕೂಡಿಸುತ್ತದೆ. ಮಳೆ, ಚುನಾವಣೆ, ಉಪಗ್ರಹ, ನ್ಯಾಯಾಲಯ ಎಂಬ ಮಾತುಗಳು ಇಲ್ಲಿ ಮೊದಲೇ ಪರಿಚಯವಾಗಿದ್ದರೆ ನಾಳೆ ಪಠ್ಯಪುಸ್ತಕದಲ್ಲಿ ಸಿಕ್ಕಾಗ ಅವನು ಕಂಗಾಲಾಗುವುದಿಲ್ಲ.

ಸುದ್ದಿಮನೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನಾದ್ದರಿಂದ ಇದನ್ನೂ ಹೇಳುತ್ತೇನೆ, ಅವನಿಗೂ ತೋರಿಸು. ಸುದ್ದಿಯ ಮುಖ್ಯ ಸಂಗತಿಯೆಲ್ಲ ಮೊದಲ ಪ್ಯಾರಾದಲ್ಲೇ ಇರುತ್ತದೆ, ನಾವು ಅದನ್ನು ಇಂಟ್ರೊ ಎನ್ನುತ್ತಿದ್ದೆವು. ಪುಟ ಕಟ್ಟುವಾಗ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಿದರೂ ಸುದ್ದಿ ಕೆಡಬಾರದೆಂದು ಹಾಗೆ ಬರೆಯುವುದು. ಎಂದಮೇಲೆ ಒಂದು ಪ್ಯಾರಾ ಓದಿ ಮುಂದಿನ ಸುದ್ದಿಗೆ ಹೋದರೂ ಅವನು ಮೋಸ ಮಾಡಿದಂತಲ್ಲ! ಮೊದಲ ಸಾಲಿಗೆ ಮುಂಚೆ ಊರಿನ ಹೆಸರಿರುತ್ತದೆ, ಅದನ್ನು ಭೂಪಟದಲ್ಲಿ ಹುಡುಕಲಿ. ಜೊತೆಗೆ ‘ಪಿಟಿಐ’ ಎಂದಿದ್ದರೆ ಅದು ಸುದ್ದಿಸಂಸ್ಥೆ ಕಳಿಸಿದ್ದು, ಪತ್ರಿಕೆಯ ಸ್ವಂತ ವರದಿಗಾರ ಬರೆದದ್ದಲ್ಲ. ‘ಸಚಿವರು ತಿಳಿಸಿದ್ದಾರೆ’ ಎಂದಿದ್ದರೆ ಅದು ಸಚಿವರ ಮಾತು, ನಿಜವೋ ಅಲ್ಲವೋ ಬೇರೆ ಪ್ರಶ್ನೆ. ‘ಇದನ್ನು ಹೇಳಿದ್ದು ಯಾರು, ಅವರಿಗೆ ಹೇಗೆ ಗೊತ್ತು?’ ಎಂದು ಕೇಳುವ ಅಭ್ಯಾಸ ಈ ವಯಸ್ಸಿನಲ್ಲಿ ಬಂದರೆ, ಮುಂದೆ ಮೊಬೈಲಿಗೆ ಬಂದು ಬೀಳುವ ಸುಳ್ಳು ಸುದ್ದಿಯ ಮುಂದೆಯೂ ಅವನು ಅದನ್ನೇ ಕೇಳುತ್ತಾನೆ. ಎರಡು ಪತ್ರಿಕೆ ಸಿಕ್ಕ ದಿನ ಒಂದೇ ಪಂದ್ಯದ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತಲೆಬರಹವೇ ಬೇರೆ, ಹೊಗಳಿದ ಆಟಗಾರನೂ ಬೇರೆ ಇರಬಹುದು. ಸ್ಕೋರು ಮಾತ್ರ ಒಂದೇ. ಸಂಗತಿ ಯಾವುದು, ಅಭಿಪ್ರಾಯ ಯಾವುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠ ಕಲಿಸೀತು?

ಫೋನಿನಲ್ಲೇ ಸುದ್ದಿ ಸಿಗುವುದಿಲ್ಲವೇ ಎನ್ನಬಹುದು. ಸಿಗುತ್ತದೆ. ಆದರೆ ಅಲ್ಲಿ ನೋಡಿದ್ದನ್ನೇ ಹೋಲುವುದು ಮತ್ತೆ ಮತ್ತೆ ಬರುತ್ತದೆ, ಕೊನೆಯೂ ಇಲ್ಲ. ಕಾಗದದ ಪತ್ರಿಕೆಗೆ ಕೊನೆಯ ಪುಟವಿದೆ. ಸ್ಕೋರು ಹುಡುಕುತ್ತ ಹೋದವನ ಕಣ್ಣಿಗೆ ಪಕ್ಕದ ಅಂಕಣದ ಆಮೆಯ ಮೊಟ್ಟೆಯ ಸುದ್ದಿ ಬೀಳುತ್ತದೆ.

ಕೊಲೆ, ಅಪಘಾತದ ಪುಟಗಳನ್ನು ನೀನು ಮೊದಲು ನೋಡಿಕೊಂಡು ಕೊಡು. ಅವನಾಗಿಯೇ ಓದಿ ಹೆದರಿ ಕೇಳಿದರೆ ಬಾಯಿ ಮುಚ್ಚಿಸಬೇಡ, ನಿಜವನ್ನು ಅವನ ವಯಸ್ಸಿಗೆ ತಕ್ಕಷ್ಟು ಹೇಳು.

ಒಂದು ಮಾತನ್ನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಓದಿದ ಮೇಲೆ ಸಾರಾಂಶ ಬರೆಸಬೇಡ, ಪ್ರಶ್ನೆ ಕೇಳಿ ಅಂಕ ಹಾಕಬೇಡ, ಗಲಾಟೆ ಮಾಡಿದ್ದಕ್ಕೆ ಶಿಕ್ಷೆಯೆಂದು ಪುಸ್ತಕ ಹಿಡಿಸಬೇಡ. ಅವನ ಎದುರಿಗೆ ನೀವಿಬ್ಬರೂ ಪತ್ರಿಕೆ ಬಿಡಿಸಿ ಕೂತು, ನಗು ಬಂದರೆ ನಕ್ಕು, ‘ಇಲ್ಲಿ ನೋಡಿ ಏನು ಬರೆದಿದ್ದಾರೆ’ ಎಂದು ಒಬ್ಬರಿಗೊಬ್ಬರು ಓದಿ ಹೇಳಿ. ಇಣುಕಿ ನೋಡಲು ಅವನೇ ಬರುತ್ತಾನೆ.

ಪುಸ್ತಕ ಆರಿಸುವುದನ್ನೂ ಅವನಿಗೇ ಬಿಡು. ಪ್ರತಿ ಓದುಗನಿಗೂ ಅವನದೇ ಪುಸ್ತಕವಿದೆ ಎಂಬುದನ್ನು ಗ್ರಂಥಾಲಯ ವಿಜ್ಞಾನದ ಪಂಡಿತರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯದ ಸೂತ್ರವಾಗಿ ಬರೆದಿಟ್ಟರು. ನೀನು ತಂದ ರಾಶಿಯಲ್ಲಿ ನಿಖಿಲನದು ಇಲ್ಲದಿರಬಹುದು. ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಕಪಾಟಿನ ಮುಂದೆ ಬಿಡು. ಚಿತ್ರಕಥೆ ತೆಗೆದುಕೊಂಡರೂ ಮುಖ ಸಿಂಡರಿಸಬೇಡ, ಅರ್ಧಕ್ಕೆ ಬಿಟ್ಟರೆ ಹಿಂದಿರುಗಿಸಿ ಬೇರೆಯದು ತೆಗೆದುಕೊಳ್ಳಲಿ. ಅವನ ಹೆಸರಿನಲ್ಲೇ ಸದಸ್ಯತ್ವ ಮಾಡಿಸು, ಅರ್ಜಿಯಲ್ಲಿ ಸಹಿ ಅವನೇ ಹಾಕಲಿ.

ಇತಿ,
ನಿನ್ನ ದೊಡ್ಡಪ್ಪ