ಗೆಳೆಯನಿಗೊಂದು ಪತ್ರ: ಟೇಪು, ಹಗ್ಗ ಮತ್ತು ಎಂಟು ಗಾಲಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ‘ಹೆಂಗಸರು ಕಾಲಿಗೆ ಗಾಲಿ ಕಟ್ಕೊಂಡು ಗುದ್ದಾಡೋದು, ನೀನು ಪಕ್ಕದಲ್ಲಿ ವಾಚ್ ಹಿಡ್ಕೊಂಡು ಕೂರೋದು. ಅದಕ್ಕೆ ಆಟ ಅಂತೀಯಾ ಮಾರಾಯಾ?’ ಅಂದೆ. ನಕ್ಕು ಮುಗಿದ ಮೇಲೆ ನಿನ್ನೊಳಗಿನ ಕಬಡ್ಡಿ ಅಂಪೈರ್ ಎದ್ದ. ‘ಹೌದೂ, ಅದರ ರೂಲ್ಸ್ ಮಾಡಿದ್ದು ಯಾರು?’ ಅಂತ ಕೇಳಿದೆ. ಅಷ್ಟರಲ್ಲಿ ನಿಮ್ಮ ಕಡೆ ಕರೆಂಟ್ ಹೋಯಿತು, ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು. ಹೇಗೂ ಫೋನಿನಲ್ಲಿ ಮುಗಿಯುವ ಕತೆ ಅಲ್ಲ ಇದು. ಅದಕ್ಕೇ ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಮ್ಮ ಹಳೇ ಟೀಮಿನವರೂ ಓದಲಿ.

ಆಟದ ಹೆಸರು ರೋಲರ್ ಡರ್ಬಿ. ಆಡುವುದು ಹೀಗೆ. ಮೊಟ್ಟೆಯಾಕಾರದ ಟ್ರ್ಯಾಕ್. ಎರಡೂ ಕಡೆ ಐದೈದು ಜನ. ಎಲ್ಲರೂ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು. ಐವರಲ್ಲಿ ಒಬ್ಬಳು ಜ್ಯಾಮರ್, ಅವಳ ಹೆಲ್ಮೆಟ್ ಮೇಲೆ ನಕ್ಷತ್ರದ ಗುರುತಿರುವ ಬಟ್ಟೆ. ಉಳಿದ ನಾಲ್ವರು ಬ್ಲಾಕರ್‌ಗಳು. ಅವರಲ್ಲೇ ಒಬ್ಬಳ ಹೆಲ್ಮೆಟ್‌ಗೆ ಪಟ್ಟಿ ಇರುತ್ತದೆ, ಅವಳು ಪಿವಟ್. ಚೆಂಡಿಲ್ಲ, ಗೋಲಿಲ್ಲ. ನಿನ್ನ ಭಾಷೆಯಲ್ಲಿ ಹೇಳುವುದಾದರೆ ಜ್ಯಾಮರ್ ಅಂದರೆ ರೈಡರ್. ಆದರೆ ಇಲ್ಲಿ ಎರಡೂ ಕಡೆಯ ರೈಡರ್‌ಗಳು ಒಂದೇ ಹೊತ್ತಿಗೆ ನುಗ್ಗುತ್ತಾರೆ. ಬ್ಲಾಕರ್ ಆದವಳು ಎದುರಾಳಿಯ ರೈಡರನ್ನು ತಡೆಯಬೇಕು, ಅದೇ ಗಳಿಗೆಯಲ್ಲಿ ತಮ್ಮವಳಿಗೆ ದಾರಿಯನ್ನೂ ಬಿಡಿಸಬೇಕು. ನಮ್ಮ ಚೈನ್ ಹಿಡಿದು ನಿಲ್ಲುವವರಿಗೆ ಈ ತಲೆನೋವು ಇಲ್ಲ ಅಲ್ವಾ?

ಜ್ಯಾಮರ್ ಮೊದಲ ಸಲ ಬ್ಲಾಕರ್‌ಗಳ ಗುಂಪನ್ನು ದಾಟಿದರೆ ಪಾಯಿಂಟ್ ಇಲ್ಲ. ಯಾರು ಫೌಲ್ ಮಾಡದೆ ಮೊದಲು ದಾಟಿದಳೋ ಅವಳು ಲೀಡ್ ಜ್ಯಾಮರ್. ಒಂದು ಸುತ್ತು ಹಾಕಿ ಬಂದು ಎರಡನೇ ಸಲ ನುಗ್ಗಿದಾಗಿನಿಂದ, ದಾಟಿದ ಪ್ರತಿ ಎದುರಾಳಿಗೆ ಒಂದು ಪಾಯಿಂಟ್. ಇದಕ್ಕೆ ಎರಡು ನಿಮಿಷ ಟೈಮು, ಇಂಥ ಒಂದು ಪಾಳಿಗೆ ಜ್ಯಾಮ್ ಅನ್ನುತ್ತಾರೆ. ಆದರೆ ಲೀಡ್ ಜ್ಯಾಮರ್ ಎರಡೂ ಕೈಯಿಂದ ಸೊಂಟ ತಟ್ಟಿಕೊಂಡರೆ ಆ ಜ್ಯಾಮ್ ಅಲ್ಲಿಗೇ ಮುಗಿಯಿತು. ಆಟದ ಬುದ್ಧಿಯೆಲ್ಲ ಇರುವುದು ಆ ಸೊಂಟ ತಟ್ಟುವುದರಲ್ಲಿ. ನಾಲ್ಕು ಪಾಯಿಂಟ್ ತಗೊಂಡೆಯಾ, ಹಿಂದೆ ಎದುರಾಳಿ ಜ್ಯಾಮರ್ ಗುಂಪಿನ ಹತ್ತಿರ ಬಂದಳಾ, ತಟ್ಟು. ಅವಳಿಗೆ ಸೊನ್ನೆ. ದುರಾಸೆ ಪಟ್ಟು ಇನ್ನೊಂದು ಸುತ್ತಿಗೆ ಹೋದೆಯೋ, ಕೆಟ್ಟೆ.

ಈ ಆಟದ ಹೆಸರು ಹಳೆಯದು. 1935ರಲ್ಲಿ ಶಿಕಾಗೋದ ಕೊಲಿಸಿಯಂನಲ್ಲಿ ಲಿಯೋ ಸೆಲ್ಟ್ಸರ್ ಅನ್ನುವವನು ಶುರು ಮಾಡಿದ. ಆಗ ಅದು ಗುದ್ದಾಟ ಅಲ್ಲ, ಸಹನೆಯ ಪರೀಕ್ಷೆ. ಗಂಡು ಹೆಣ್ಣು ಜೋಡಿಗಳು ವಾರಗಟ್ಟಲೆ ಸುತ್ತುತ್ತಾ, ಅಮೆರಿಕಾವನ್ನು ಈ ತುದಿಯಿಂದ ಆ ತುದಿಗೆ ದಾಟಿದಷ್ಟು ದೂರ ಹೋಗಬೇಕಿತ್ತು. ಆಮೇಲೆ ಡೇಮನ್ ರನ್ಯನ್ ಅನ್ನುವ ಪತ್ರಕರ್ತ, ಜನ ಕುರ್ಚಿಯಿಂದ ಎದ್ದು ಕೂಗುವುದು ಸ್ಕೇಟರ್‌ಗಳು ಡಿಕ್ಕಿ ಹೊಡೆದಾಗಲೇ ಅನ್ನುವುದನ್ನು ಗಮನಿಸಿದ. ಡಿಕ್ಕಿಯನ್ನೇ ಆಟದೊಳಗೆ ಸೇರಿಸಿ ಅಂದ. ಸೇರಿಸಿದರು. ಟಿವಿ ಬಂತು, ಹೆಸರು ಬಂತು, ಜೊತೆಗೆ ಕುಸ್ತಿ ಶೋಗಳ ನಾಟಕವೂ ಬಂತು. 1973ರಲ್ಲಿ ಸೆಲ್ಟ್ಸರ್ ಮನೆಯವರೇ ಅಂಗಡಿ ಮುಚ್ಚಿದರು.

ನಾನು ಹೇಳಬೇಕೆಂದಿರುವುದು ಅದರ ನಂತರದ ಕತೆ.

2001ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ಊರಿನಲ್ಲಿ ಒಬ್ಬ ಮನುಷ್ಯ ಬಾರ್‌ಗಳಲ್ಲಿ ಹೆಂಗಸರನ್ನು ಸೇರಿಸಿ, ರೋಲರ್ ಡರ್ಬಿ ಮತ್ತೆ ಶುರು ಮಾಡೋಣ ಅಂದ. ಅವನ ತಲೆಯಲ್ಲಿದ್ದದ್ದು ಆಟಕ್ಕಿಂತ ಜಾಸ್ತಿ ಸರ್ಕಸ್ಸು. ಸ್ವಲ್ಪ ದಿನಕ್ಕೆ ಅವನು ಊರು ಬಿಟ್ಟ. ಬಂದಿದ್ದ ಹೆಂಗಸರು ಮಾತ್ರ ಬಿಡಲಿಲ್ಲ. ನಾಲ್ಕು ಟೀಮ್ ಮಾಡಿಕೊಂಡರು. ಹಲವರಿಗೆ ಚಿಕ್ಕವರಿದ್ದಾಗ ಸ್ಕೇಟ್ ಹಾಕಿದ್ದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಹಳೇ ಆಟ ಅರ್ಧ ನೆನಪು, ಅರ್ಧ ಊಹೆ. 2002ರಲ್ಲಿ ಟಿಕೆಟ್ ಇಟ್ಟು ಆಡಿಯೇ ಬಿಟ್ಟರು.

ಆ ಮೊದಲ ದಿನಗಳಲ್ಲಿ ತಪ್ಪು ಮಾಡಿದವಳಿಗೆ ಶಿಕ್ಷೆ ಏನು ಗೊತ್ತಾ? ಒಂದು ದೊಡ್ಡ ಚಕ್ರ. ಜಾತ್ರೆಯಲ್ಲಿ ಕಾಸು ಕಟ್ಟಿ ತಿರುಗಿಸುತ್ತಾರಲ್ಲ, ಅಂಥದ್ದೇ. ಅದನ್ನು ತಿರುಗಿಸಿದರೆ ಎದುರಾಳಿ ಜೊತೆ ಕೈ ಮಣಿಸುವ ಪಂದ್ಯ ಬರಬಹುದು, ದಿಂಬಿನಲ್ಲಿ ಹೊಡೆದಾಡುವುದೂ ಬರಬಹುದು. ನಗು ಬರುತ್ತದೆ. ಆದರೆ ನಮ್ಮ ಟೂರ್ನಮೆಂಟಿನಲ್ಲಿ ತಡವಾಗಿ ಬಂದ ಟೀಮಿಗೆ ಶಾಲೆಯ ಬಾವಿಯಿಂದ ಹತ್ತು ಕೊಡ ನೀರು ಸೇದುವ ಶಿಕ್ಷೆ ಇಟ್ಟವನು ನೀನೇ, ಮರೆಯಬೇಡ.

ಒಂದೇ ವರ್ಷಕ್ಕೆ ಜಗಳ ಬಿತ್ತು. ಲೀಗ್ ನಡೆಸುತ್ತಿದ್ದವರು ಟೀಮುಗಳ ಕ್ಯಾಪ್ಟನ್‌ಗಳು, ಅವರದ್ದೇ ಕಂಪನಿ. ಆಡಿ ಮೈಕೈ ಮುರಿದುಕೊಳ್ಳುವವರು ಉಳಿದವರು. ಗಾಯವಾದರೆ ಯಾರು ಹೊಣೆ, ದುಡ್ಡಿನ ಲೆಕ್ಕ ಯಾರು ನೋಡಬೇಕು, ತೀರ್ಮಾನ ಯಾರದ್ದು? 2003ರಲ್ಲಿ ಲೀಗ್ ಎರಡು ಹೋಳಾಯಿತು. ಕ್ಯಾಪ್ಟನ್‌ಗಳ ಕಡೆಯವರು ಲೋನ್‌ಸ್ಟಾರ್ ರೋಲರ್‌ಗರ್ಲ್ಸ್ ಆದರು. ಹಳೇ ಕಾಲದ ಹಾಗೆ ಹೊರಗಂಚು ಎತ್ತರಿಸಿದ, ಮರದ ಹಲಗೆಯ ಟ್ರ್ಯಾಕ್ ಅವರದ್ದು. ಆ ಚಕ್ರವನ್ನೂ ಅವರೇ ಇಟ್ಟುಕೊಂಡರು. ಹೊರಗೆ ಬಂದ ಹೆಚ್ಚಿನವರು ಟೆಕ್ಸಾಸ್ ರೋಲರ್‌ಗರ್ಲ್ಸ್ ಅಂತ ಹೊಸ ಲೀಗ್ ಕಟ್ಟಿದರು. ಆಡುವವರದ್ದೇ ಒಡೆತನ, ಓಟು ಹಾಕಿ ತೀರ್ಮಾನ. ಸಪಾಟು ನೆಲದ ಆಟವನ್ನೇ ನೆಚ್ಚಿಕೊಂಡರು.

ಸಪಾಟು ನೆಲ. ಅದೊಂದು ಇಲ್ಲದಿದ್ದರೆ ಈ ಆಟ ಆಸ್ಟಿನ್ ದಾಟುತ್ತಿರಲಿಲ್ಲ ಅಂತ ನನ್ನ ಲೆಕ್ಕ. ಹಲಗೆ ಟ್ರ್ಯಾಕ್ ಅಂದರೆ ದುಡ್ಡು, ಲಾರಿ, ಅದನ್ನಿಡಲು ಗೋಡೌನ್. ಸಪಾಟು ಟ್ರ್ಯಾಕಿಗೆ ಬೇಕಾದದ್ದು ಅಳತೆ ಪಟ್ಟಿ, ಸಣ್ಣ ಹಗ್ಗ, ಬಣ್ಣದ ಟೇಪು. ಸ್ಕೇಟಿಂಗ್ ರಿಂಕ್ ಆಗಲಿ, ಗೋಡೌನ್ ಆಗಲಿ, ಐಸ್ ಕರಗಿಸಿದ ಹಾಕಿ ಅಂಗಳವಾಗಲಿ, ಮಧ್ಯಾಹ್ನ ಎಳೆದರೆ ಸಂಜೆಗೆ ಆಟ.

ಇದು ನನ್ನ ಕೈಯಾರೆ ಮಾಡಿದ ಕೆಲಸ, ಹಾಗಾಗಿ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. 2011ರಲ್ಲಿ ಆಫೀಸಿನವರು ಕಳಿಸಿ ಟೆಕ್ಸಾಸ್‌ನಲ್ಲಿದ್ದೆನಲ್ಲ, ಆಗ ಪಕ್ಕದ ಟೇಬಲ್ಲಿನಲ್ಲಿ ಕೂರುತ್ತಿದ್ದ ಅಕೌಂಟ್ಸ್ ಹೆಂಗಸು ಒಂದು ಸಣ್ಣ ಊರಿನ ಲೀಗಿನಲ್ಲಿ ಆಡುತ್ತಿದ್ದಳು. ಸೋಮವಾರ ತೋಳಿನ ಮೇಲೆ ನೇರಳೆ ಹಣ್ಣಿನ ಬಣ್ಣದ ಬಾವು. ಗಂಡ ಹೊಡೆಯುತ್ತಾನೇನೋ ಅಂತ ನಾನು ಪಾಪ ಅಂದುಕೊಂಡಿದ್ದೆ. ಕೇಳಿದರೆ, ಶನಿವಾರ ಬಂದು ಟ್ರ್ಯಾಕ್ ಹಾಕಲು ಕೈ ಹಚ್ಚು, ಗೊತ್ತಾಗುತ್ತದೆ ಅಂದಳು.

ಹೋದೆ. ಮೊದಲು ನೆಲದ ನಡುವೆ 35 ಅಡಿ ದೂರಕ್ಕೆ ಎರಡು ಗುರುತು. ಒಂದೊಂದರಿಂದಲೂ ಹನ್ನೆರಡೂವರೆ ಅಡಿ ದಾರ ಹಿಡಿದು ಅರ್ಧ ವೃತ್ತ. ಎರಡನ್ನೂ ನೇರ ಗೆರೆಯಿಂದ ಸೇರಿಸಿದರೆ ಒಳಗಿನ ಅಂಚು ಸಿಕ್ಕಿತು. ಹೊರಗಿನ ಅಂಚಿಗೆ ಬೇರೆ ಲೆಕ್ಕ. ಆ ಎರಡೂ ಗುರುತುಗಳಿಂದ ಒಂದೊಂದಡಿ ಪಕ್ಕಕ್ಕೆ, ಒಂದು ಈ ಕಡೆ ಇನ್ನೊಂದು ಆ ಕಡೆ ಸರಿದು, ಇಪ್ಪತ್ತಾರೂವರೆ ಅಡಿ ದಾರ. ಹಾಗಾಗಿ ಟ್ರ್ಯಾಕ್ ಒಂದೇ ಅಗಲ ಇರುವುದಿಲ್ಲ. ಕೆಲವು ಕಡೆ 13 ಅಡಿ, ಕೆಲವು ಕಡೆ 15. ಮೊದಲ ಸಲ ನಾನು ಅಳತೆ ತಪ್ಪಿದೆ ಅಂದುಕೊಂಡು ಎಲ್ಲ ಕಿತ್ತು ಹಾಕಲು ಹೊರಟಿದ್ದೆ. ಗೆರೆಯ ಮೇಲೆ ಹಗ್ಗ ಇಟ್ಟು, ಅದರ ಮೇಲೆ ಟೇಪು ಒತ್ತಬೇಕು. ಗೆರೆ ಉಬ್ಬಿಕೊಂಡಿರುತ್ತದೆ. ಗಾಲಿ ಅದರ ಮೇಲೆ ಹೋದರೆ ಕಾಲಿಗೇ ತಿಳಿಯುತ್ತದೆ, ಕೆಳಗೆ ನೋಡಬೇಕಾಗಿಲ್ಲ. ನಾವು ಕಬಡ್ಡಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಮೂರನೇ ಮ್ಯಾಚಿಗೆ ಗೆರೆಯೇ ಕಾಣದೆ ಜಗಳ ಆಡಿದ್ದು ನೆನಪಾಯಿತು. ಮಂಡಿಯೂರಿಕೊಂಡು ಮೂರು ಗಂಟೆ ಟೇಪು ಒತ್ತಿದ ಮೇಲೆ ಸೋಮವಾರ ಆಫೀಸಿನ ಮೆಟ್ಟಿಲು ಹತ್ತಲಾಗಲಿಲ್ಲ. ಆಡಿದವಳು ಆರಾಮಾಗಿದ್ದಳು.

ಆಸ್ಟಿನ್ ಸುದ್ದಿ ಹರಡಿದಂತೆ ಊರೂರಲ್ಲಿ ಲೀಗುಗಳು ಎದ್ದವು. ಫೀನಿಕ್ಸ್, ಟೂಸಾನ್, ನ್ಯೂಯಾರ್ಕ್, ಸಿಯಾಟಲ್, ಮ್ಯಾಡಿಸನ್, ಮಿನೆಸೋಟಾ, ಕ್ಯಾನ್ಸಸ್ ಸಿಟಿ. ಆಡುವವರು ನರ್ಸು, ಟೀಚರು, ಬಾರಿನಲ್ಲಿ ಕೆಲಸ ಮಾಡುವವರು, ಮಕ್ಕಳ ತಾಯಂದಿರು. ಒಬ್ಬರಿಗೂ ಸಂಬಳ ಇಲ್ಲ, ಬದಲಿಗೆ ತಿಂಗಳ ಚಂದಾ ಕಟ್ಟಿ ಆಡಬೇಕು. ಒಬ್ಬೊಬ್ಬರಿಗೂ ಒಂದು ಆಟದ ಹೆಸರು, ಹೆಚ್ಚಾಗಿ ಪೋಲಿ ಶ್ಲೇಷೆ. ಒಬ್ಬರ ಹೆಸರು ಇನ್ನೊಬ್ಬರು ಕದಿಯದಂತೆ ಎಲ್ಲ ಲೀಗುಗಳಿಗೂ ಸೇರಿ ಒಂದು ಪಟ್ಟಿ ಇತ್ತು ಅಂದರೆ ನೋಡು, ಅದರ ಮೇಲೆ ಎಷ್ಟು ಅಕ್ಕರೆ!

ತೊಂದರೆ ಆದದ್ದು ಒಂದೂರಿನವರು ಇನ್ನೊಂದೂರಿಗೆ ಆಡಲು ಹೋದಾಗ. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬೋನಸ್ ಲೈನ್ ಇತ್ತು, ಘಟ್ಟದ ಕೆಳಗಿನ ಟೀಮಿನವರು ಅದು ಇಲ್ಲ ಅಂದರು. ಪೆಂಡಾಲ್ ಹಾಕಿ ಆಗಿದೆ, ಊಟಕ್ಕೆ ಎಲೆ ಹಾಕಿ ಆಗಿದೆ, ಮ್ಯಾಚ್ ಶುರುವಾಗಲಿಲ್ಲ. ಅಲ್ಲಿಯೂ ಅದೇ. ಒಂದೂರಿನಲ್ಲಿ ಸರಿಯಾದದ್ದು ಇನ್ನೊಂದೂರಲ್ಲಿ ಫೌಲ್.

ಅದಕ್ಕೇ 2004ರಲ್ಲಿ ಲೀಗುಗಳೆಲ್ಲ ಒಂದು ಒಕ್ಕೂಟ ಮಾಡಿಕೊಂಡವು. 2005ರ ಜುಲೈನಲ್ಲಿ ಇಪ್ಪತ್ತು ಲೀಗುಗಳ ಪ್ರತಿನಿಧಿಗಳು ಶಿಕಾಗೋದಲ್ಲಿ ಕೂತರು. 70 ವರ್ಷದ ಹಿಂದೆ ಸೆಲ್ಟ್ಸರ್ ಶುರು ಮಾಡಿದ ಅದೇ ಊರು. ಅದೇ ವರ್ಷ ಕೊನೆಗೆ ವಿಮೆನ್ಸ್ ಫ್ಲ್ಯಾಟ್ ಟ್ರ್ಯಾಕ್ ಡರ್ಬಿ ಅಸೋಸಿಯೇಷನ್ ಅಂತ ಹೆಸರಾಯಿತು. ಸೇರಬೇಕಾದರೆ ಒಂದು ಷರತ್ತು: ಲೀಗಿನ ಒಡೆತನ ಅರ್ಧಕ್ಕಿಂತ ಜಾಸ್ತಿ ಆಡುವವರ ಕೈಯಲ್ಲೇ ಇರಬೇಕು. 2003ರ ಜಗಳದ ಬಿಸಿ ಇನ್ನೂ ಆರಿರಲಿಲ್ಲ ಅನ್ನಿಸುತ್ತದೆ. 2006ರ ಫೆಬ್ರುವರಿಯಲ್ಲಿ ಟೂಸಾನ್‌ನಲ್ಲಿ ಮೊದಲ ಟೂರ್ನಮೆಂಟ್, ಹೆಸರು ಡಸ್ಟ್ ಡೆವಿಲ್. ಇಪ್ಪತ್ತು ಲೀಗುಗಳು, ಒಂದೇ ರೂಲ್ ಪುಸ್ತಕ. ಗೆದ್ದದ್ದು ಟೆಕ್ಸಾಸ್‌ನವರೇ. ಮರುವರ್ಷ ಆಸ್ಟಿನ್‌ನಲ್ಲೇ ನಡೆದಾಗ ಕ್ಯಾನ್ಸಸ್ ಸಿಟಿಯವರು ಕಪ್ ಹೊತ್ತುಕೊಂಡು ಹೋದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ರೂಲ್ಸ್ ಮಾಡಿದ್ದು ಯಾರು? ಆಡಿದವರು. ಮಾಡಿದ ರೂಲಿಗೆ ತೂತು ಕೊರೆದವರೂ ಅವರೇ. ನಾನು ನೋಡಿದ ಒಂದು ತೂತಿನ ಕತೆ ಹೇಳುತ್ತೇನೆ, ನಿನಗೆ ಖುಷಿಯಾಗುತ್ತದೆ.

ಆಗಿನ ನಿಯಮದಲ್ಲಿ ಜ್ಯಾಮ್ ಶುರುವಿಗೆ ಎರಡು ಸೀಟಿ. ಮೊದಲ ಸೀಟಿಗೆ ಬ್ಲಾಕರ್‌ಗಳ ಗುಂಪು ಹೊರಡಬೇಕು. ಆ ಗುಂಪಿಗೆ ಪ್ಯಾಕ್ ಅನ್ನುತ್ತಾರೆ. ಪ್ಯಾಕ್ ಮುಂದೆ ಸರಿದ ಮೇಲೆ ಎರಡನೇ ಸೀಟಿ, ಆಗ 30 ಅಡಿ ಹಿಂದೆ ನಿಂತ ಜ್ಯಾಮರ್‌ಗಳು ಹೊರಡಬೇಕು. ಪ್ಯಾಕ್ ಅಂದರೆ ಏನು ಅಂತಲೂ ಪುಸ್ತಕದಲ್ಲಿ ಬರೆದಿತ್ತು: ಎರಡೂ ಟೀಮಿನವರು ಸೇರಿರಬೇಕು, ಹತ್ತು ಅಡಿಯೊಳಗೆ ಇರಬೇಕು, ಕಾಲ ಮೇಲೆ ನಿಂತಿರಬೇಕು. ಯಾರೋ ಬುದ್ಧಿವಂತರು ಇದನ್ನು ಎರಡು ಸಲ ಓದಿದರು. ಮೊದಲ ಸೀಟಿ ಊದಿದ ತಕ್ಷಣ ಒಂದು ಟೀಮಿನ ಬ್ಲಾಕರ್‌ಗಳೆಲ್ಲ ಒಂದು ಮಂಡಿ ನೆಲಕ್ಕೆ ಊರಿಬಿಟ್ಟರು. ಮಂಡಿ ಊರಿದವಳು ಬಿದ್ದ ಹಾಗೆ ಲೆಕ್ಕ. ಒಂದು ಟೀಮಿನವರು ಒಬ್ಬರೂ ನಿಂತಿಲ್ಲ, ಅಂದರೆ ಪ್ಯಾಕೇ ಇಲ್ಲ. ಪ್ಯಾಕ್ ಇಲ್ಲ ಅಂದರೆ ಜ್ಯಾಮರ್‌ಗಳನ್ನು ಆಗಲೇ ಬಿಡಬೇಕು. ಎದುರಾಳಿ ಜ್ಯಾಮರ್ ತಪ್ಪು ಮಾಡಿ ಹೊರಗೆ ಪೆನಾಲ್ಟಿ ಬಾಕ್ಸಿನಲ್ಲಿ ಕೂತಿರುವ ಹೊತ್ತಿಗೆ ಹೀಗೆ ಮಾಡಿದರೆ, ಒಂದು ಸೆಕೆಂಡೂ ಹಾಳಾಗದೆ ತಮ್ಮ ಜ್ಯಾಮರ್ ಒಬ್ಬಳೇ ನುಗ್ಗಬಹುದು.

ಫೌಲ್ ಏನಾದರೂ ಇದೆಯಾ? ಇಲ್ಲ. ಪುಸ್ತಕದ ಪ್ರಕಾರ ಎಲ್ಲ ಸರಿ. ನೋಡಲು ಬಂದವರು ಮಾತ್ರ ಬೊಬ್ಬೆ ಹೊಡೆದರು. ಇನ್ನು ಕೆಲವು ಜ್ಯಾಮ್‌ಗಳಲ್ಲಿ ಎರಡೂ ಕಡೆಯವರು ಜಾಗ ಬಿಟ್ಟು ಕದಲುತ್ತಲೇ ಇರಲಿಲ್ಲ. ಓಡಿದರೆ ಎದುರಾಳಿಗೆ ಲಾಭ ಅಂತ ನಿಂತಲ್ಲೇ ನಿಲ್ಲುವುದು. ಗಾಲಿ ಕಟ್ಟಿಕೊಂಡು ನಿಂತಲ್ಲೇ ನಿಂತವರನ್ನು ದುಡ್ಡು ಕೊಟ್ಟು ಯಾರು ನೋಡುತ್ತಾರೆ ಹೇಳು? ನಮ್ಮಲ್ಲಿ ಎರಡು ಖಾಲಿ ರೈಡ್ ಆದ ಮೇಲೆ ಡೂ ಆರ್ ಡೈ ತಂದದ್ದೂ ಇಂಥದ್ದಕ್ಕೇ ಅಲ್ವಾ?

2013ರ ಪುಸ್ತಕದಲ್ಲಿ ಎರಡು ಸೀಟಿ ಹೋಗಿ ಒಂದೇ ಸೀಟಿ ಆಯಿತು. ಬ್ಲಾಕರ್, ಜ್ಯಾಮರ್ ಎಲ್ಲ ಒಟ್ಟಿಗೇ ಹೊರಡಬೇಕು. ಮಂಡಿಗೆ ಕೆಲಸವೇ ಇಲ್ಲ. ಜೊತೆಗೆ ಸಣ್ಣ ತಪ್ಪುಗಳ ಲೆಕ್ಕವನ್ನೂ ಕಿತ್ತರು. ಅದುವರೆಗೆ ನಾಲ್ಕು ಸಣ್ಣ ತಪ್ಪು ಸೇರಿದರೆ ಒಂದು ನಿಮಿಷ ಬಾಕ್ಸು. ರೆಫ್ರಿ ಕೂಗಿದ್ದನ್ನು ಬೋರ್ಡ್ ಮೇಲೆ ಒಂದೊಂದು ಅಕ್ಷರದಲ್ಲಿ ಬರೆಯುತ್ತಾ ಟ್ರ್ಯಾಕಿನ ನಡುವೆ ನಿಂತು ನಾನು ಬೆವರಿದ್ದೇನೆ. ಮೊಣಕೈಗೊಂದು ಅಕ್ಷರ, ಬೆನ್ನಿಗೆ ತಳ್ಳಿದರೆ ಒಂದು, ಗೆರೆ ದಾಟಿ ಹೊರಗಿನಿಂದ ಮುಂದೆ ನುಸುಳಿದರೆ ಒಂದು. ಈಗ ತಪ್ಪು ಅಂದರೆ ತಪ್ಪು, ಬಾಕ್ಸಿಗೆ ಹೋಗು, ಅಷ್ಟೇ. ಬರೆಯುವ ಕೆಲಸ ಕಮ್ಮಿಯಾಯಿತು ಅಂತ ಕೇಳಿದಾಗ ನಾನು ಆಗಲೇ ಬೆಂಗಳೂರಿಗೆ ವಾಪಸ್ ಬಂದು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿದ್ದೆ.

ವಾಚಿನ ಕತೆ ಬಾಕಿ ಇದೆ. ಒಂದು ಮ್ಯಾಚಿಗೆ ನನ್ನನ್ನು ಪೆನಾಲ್ಟಿ ಬಾಕ್ಸಿನಲ್ಲಿ ಕೂರಿಸಿದರು. ಕೆಲಸ ಸುಲಭ. ಆಗಿನ ರೂಲಿನ ಪ್ರಕಾರ ಬಂದು ಕೂತವಳಿಗೆ ಒಂದು ನಿಮಿಷ ಲೆಕ್ಕ ಹಾಕಬೇಕಿತ್ತು. ಹತ್ತು ಸೆಕೆಂಡ್ ಉಳಿದಾಗ ನಿಂತ್ಕೋ ಅನ್ನಬೇಕು, ಮುಗಿದಾಗ ಹೋಗು ಅನ್ನಬೇಕು. ಒಂದು ಜ್ಯಾಮ್ ಮುಗಿದು ಇನ್ನೊಂದು ಶುರುವಾಗುವ ನಡುವೆ ವಾಚ್ ನಿಲ್ಲಿಸಬೇಕು. ಅದನ್ನೇ ನಾನು ಮರೆತೆ. ಬಾಕ್ಸಿನಲ್ಲಿ ಕೂತಿದ್ದದ್ದು ನಮ್ಮ ಅಕೌಂಟ್ಸ್ ಹೆಂಗಸೇ. ಆಟ ನಿಂತಿದೆ, ನನ್ನ ವಾಚ್ ಓಡುತ್ತಿದೆ. ಮುಂದಿನ ಜ್ಯಾಮ್ ಶುರುವಾಗುತ್ತಿದ್ದಂತೆ ‘ನಿಂತ್ಕೋ’ ಅಂದೆ. ಎದ್ದವಳು ತಿರುಗಿ ನನ್ನ ಕೈ ನೋಡಿದಳು. ‘ಇಲ್ಲ, ಇನ್ನೂ ಅರ್ಧ ನಿಮಿಷ ಇದೆ’ ಅಂತ ಹೇಳಿ ಕುರ್ಚಿಯಲ್ಲಿ ಮತ್ತೆ ಕೂತಳು. ಅವಳ ಟೀಮು ಆಗ ಸೋಲುತ್ತಿತ್ತು. ಬೆಂಚಿನಲ್ಲಿದ್ದ ಅವಳ ಕ್ಯಾಪ್ಟನ್ ಇಬ್ಬರನ್ನೂ ಸೇರಿಸಿ ಬೈದದ್ದು ಕೇಳಿಸಿತು.

ಸರಿ, ಕೈ ನೋಯುತ್ತಿದೆ. ಒಂದು ಕೆಲಸ ಮಾಡು. ನಮ್ಮ ಟೂರ್ನಮೆಂಟಿನ ರೂಲ್ಸ್ ಬರೆದಿಟ್ಟಿದ್ದ ಇನ್ನೂರು ಪೇಜಿನ ನೋಟ್‌ಬುಕ್ ನಿಮ್ಮ ಅಟ್ಟದ ಮೇಲೆ ಇರಬೇಕು, ಇಲಿ ತಿನ್ನದಿದ್ದರೆ. ಗೇರು ಮರದ ನೆರಳು ಅಂಕಣಕ್ಕೆ ಬಿದ್ದರೆ ಕಡೆ ಬದಲಾಯಿಸಬೇಕು ಅಂತ ಒಂದು ನಿಯಮ ಇತ್ತಲ್ಲ, ಅದನ್ನು ಬರೆದದ್ದು ನೀನೋ ನಾನೋ ನನಗೆ ನೆನಪಿಲ್ಲ. ಆ ಪೇಜಿನ ಫೋಟೋ ತೆಗೆದು ಕಳಿಸು. ಅಕ್ಷರ ನೋಡಿದರೆ ಗೊತ್ತಾಗುತ್ತದೆ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಹಳೇ ಲೆಫ್ಟ್ ಕಾರ್ನರ್