ಉಬುಂಟು ಲ್ಯಾಪ್‌ಟಾಪಿನ 4ಜಿ ಕಾರ್ಡ್ ಕೆಲಸ ಮಾಡದಿರುವ ಬಗ್ಗೆ ಐದನೆಯ ಮತ್ತು ಕೊನೆಯ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
(ಕಂಪನಿಯ ಹೆಸರು, ವಿಳಾಸ ಲಕೋಟೆಯ ಮೇಲಿದೆ)

ಮಾನ್ಯರೇ,

ವಿಷಯ: ಕಾರ್ಖಾನೆಯಲ್ಲಿಯೇ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ ಮಾರಿದ ಲ್ಯಾಪ್‌ಟಾಪಿನಲ್ಲಿ 4ಜಿ ಕಾರ್ಡಿನ ರೇಡಿಯೊ ಬೀಗ ತೆರೆಯದಿರುವುದು, ಮತ್ತು "ದೋಷವಿಲ್ಲ" ಎಂದು ಬರೆದು ನನ್ನಿಂದ 590 ರೂಪಾಯಿ ವಸೂಲು ಮಾಡಿರುವುದು.

ಇದೇ ವಿಷಯವಾಗಿ ನಾನು ಬರೆದ ಹಿಂದಿನ ನಾಲ್ಕು ದೂರುಗಳನ್ನೂ ತಾವು ನಲವತ್ತೆಂಟು ತಾಸಿನೊಳಗೆ ಮುಕ್ತಾಯಗೊಳಿಸಿದ್ದೀರಿ, ಮತ್ತು ನಾಲ್ಕು ಸಲವೂ "ತಮ್ಮ ಸಮಸ್ಯೆ ಪರಿಹಾರವಾಗಿದೆಯೆಂದು ಭಾವಿಸುತ್ತೇವೆ" ಎಂಬ ಒಂದೇ ವಾಕ್ಯವನ್ನು ಕಳುಹಿಸಿದ್ದೀರಿ. ಸಿಟ್ಟಿನಲ್ಲಿ ಬರೆಯಬೇಡಿ ಎಂದು ಮನೆಯವರು ಹೇಳಿರುವುದರಿಂದ ಈ ಪತ್ರವನ್ನು ಸಂಯಮದಿಂದ ಬರೆಯುತ್ತಿದ್ದೇನೆ.

ನಾನು ಶಿರಸಿ ತಾಲೂಕಿನವನು. ಸಹಕಾರ ಸಂಘಗಳ ಲೆಕ್ಕಪರಿಶೋಧನೆ ನನ್ನ ವೃತ್ತಿ. ವರ್ಷದ ಅರ್ಧ ಭಾಗ ಒಂದು ಸಂಘದಿಂದ ಇನ್ನೊಂದು ಸಂಘಕ್ಕೆ ತಿರುಗುವುದರಲ್ಲಿಯೇ ಕಳೆಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತಂತಿ ಹರಿದರೆ ಅದನ್ನು ಜೋಡಿಸುವವರು ಬರುವ ತನಕ ಕಾಯಬೇಕಾದ ಊರುಗಳು ಅವು. ಆದ್ದರಿಂದಲೇ ಸಿಮ್ ಹಾಕಿದೊಡನೆ ತಾನಾಗಿಯೇ ಜಾಲಕ್ಕೆ ಸೇರುವ ಲ್ಯಾಪ್‌ಟಾಪು ಬೇಕೆಂದು ತಮ್ಮ ಅಧಿಕೃತ ಜಾಲತಾಣದಲ್ಲಿ ಎರಡು ಗುರುತುಗಳನ್ನು ಹಾಕಿದೆ: ಆಪರೇಟಿಂಗ್ ಸಿಸ್ಟಮ್ ಎಂಬಲ್ಲಿ ಉಬುಂಟು 22.04, ವೈರ್‌ಲೆಸ್ ವೈಡ್ ಏರಿಯಾ ನೆಟ್‌ವರ್ಕ್ ಎಂಬಲ್ಲಿ 4ಜಿ ಕಾರ್ಡ್. ಈ ಎರಡನ್ನೂ ಒಟ್ಟಿಗೆ ಆರಿಸಿಕೊಳ್ಳಲು ತಮ್ಮ ಜಾಲತಾಣವೇ ಅವಕಾಶ ಕೊಟ್ಟಿತು. ಕಾರ್ಡಿನ ಬಾಬ್ತು 8,000, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 1,440, ಒಟ್ಟು 9,440 ರೂಪಾಯಿಗಳನ್ನು ಪಡೆಯುವಾಗ ಅದಕ್ಕೆ ಯಾವ ಅಡ್ಡಿಯೂ ಕಾಣಲಿಲ್ಲ.

ಈಗ ಕಾರ್ಡಿನ ಸ್ಥಿತಿ. ಯಂತ್ರ ಚಾಲೂ ಆದೊಡನೆ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದನ್ನು ಪಿಸಿಐ ಸಾಧನವೆಂದು (ಯಂತ್ರದೊಳಗೆ ನೇರವಾಗಿ ಜೋಡಿಸಿದ್ದೆಂದು) ಗುರುತಿಸುತ್ತದೆ. ಕಾರ್ಡನ್ನು ನಡೆಸುವ ಎಂಎಚ್‌ಐ ಡ್ರೈವರ್ ಯಾವ ತಕರಾರೂ ಇಲ್ಲದೆ ಲೋಡ್ ಆಗುತ್ತದೆ, ಕಾರ್ಡಿನೊಂದಿಗೆ ಮಾತಾಡುವ ಎಂಬಿಐಎಂ ಪೋರ್ಟ್ ಮೂಡುತ್ತದೆ, ಮೋಡೆಮ್‌ಮ್ಯಾನೇಜರ್ ಎಂಬ ತಂತ್ರಾಂಶವು ಕಾರ್ಡಿನ ಐಎಂಇಐ ಸಂಖ್ಯೆಯನ್ನೂ ಸಿಮ್ಮಿನ ಗುರುತನ್ನೂ ತಪ್ಪಿಲ್ಲದೆ ಓದಿ ಹೇಳುತ್ತದೆ. ಆದರೆ ಮೋಡೆಮನ್ನು, ಅಂದರೆ ಆ ಕಾರ್ಡನ್ನು, ಎನೇಬಲ್ ಮಾಡಲು ಆದೇಶ ಕೊಟ್ಟೊಡನೆ "ಇನ್‌ವ್ಯಾಲಿಡ್ ಟ್ರಾನ್ಸಿಷನ್" ಎಂಬ ಎರಡು ಪದಗಳು ಮೂಡುತ್ತವೆ, ರೇಡಿಯೊದ ಪವರ್ ಸ್ಟೇಟ್ "ಲೋ" ಎಂಬಲ್ಲಿಂದ ಅಲುಗಾಡುವುದಿಲ್ಲ. ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಕಾರ್ಡು ಚಾಲನೆಯಲ್ಲಿದೆ. ಆರಿಸಿಟ್ಟ ರೇಡಿಯೊಗಳನ್ನು ತೋರಿಸುವ ಆರ್‌ಎಫ್‌ಕಿಲ್ ಪಟ್ಟಿಯಲ್ಲಿ ಯಾವ ತಡೆಯೂ ಇಲ್ಲ. ಕರ್ನೆಲನ್ನು 5.15ರಿಂದ 6.8ಕ್ಕೆ ಏರಿಸಿ ನೋಡಿದೆ, ಉತ್ತರ ಅದೇ. ಇದು ಡ್ರೈವರಿನ ದೋಷವಲ್ಲವೆಂದು ಅಷ್ಟರಲ್ಲಿ ನನಗೆ ಖಚಿತವಾಗಿತ್ತು.

ಇದರ ಹೆಸರು ಎಫ್‌ಸಿಸಿ ಬೀಗ. ತಾವೇ ಹಾಕಿದ ಬೀಗವಾದ್ದರಿಂದ ತಮಗೆ ವಿವರಿಸುವ ಅಗತ್ಯವಿರಬಾರದಿತ್ತು, ಆದರೆ ತಮ್ಮ ಸಿಬ್ಬಂದಿಗೆ ಅದರ ಹೆಸರೇ ಗೊತ್ತಿಲ್ಲದಿರುವುದರಿಂದ ಹೇಳುತ್ತಿದ್ದೇನೆ. ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯು ಇಂಥ ಲ್ಯಾಪ್‌ಟಾಪಿನ ಆಂಟೆನಾ ಮತ್ತು ಮೋಡೆಮ್ ಎರಡನ್ನೂ ಜೋಡಿಯಾಗಿಯೇ ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಆ ಜೋಡಿ ತಪ್ಪಬಾರದೆಂದು ತಯಾರಕರು ಕಾರ್ಡಿನ ರೇಡಿಯೊವನ್ನು ಬೀಗ ಹಾಕಿಯೇ ಕಳುಹಿಸುತ್ತಾರೆ, ಮತ್ತು ಯಂತ್ರ ಚಾಲೂ ಆದಾಗ ಲ್ಯಾಪ್‌ಟಾಪಿನ ಕಡೆಯಿಂದ ಸರಿಯಾದ ಸಂಕೇತ ಹೋದರೆ ಮಾತ್ರ ಅದು ತೆರೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ಕೆಲಸವನ್ನು ತಮ್ಮ ಡ್ರೈವರ್ ಸದ್ದಿಲ್ಲದೆ ಮಾಡುತ್ತದೆ. ಲಿನಕ್ಸ್‌ನಲ್ಲಿ ಹಿಂದೆ ಮೋಡೆಮ್‌ಮ್ಯಾನೇಜರ್ ತನಗೆ ಗೊತ್ತಿದ್ದ ಕಾರ್ಡುಗಳನ್ನು ತಾನೇ ತೆರೆಯುತ್ತಿತ್ತು, 1.18.4ನೆಯ ಆವೃತ್ತಿಯಿಂದ ಈಚೆಗೆ, ಬಳಕೆದಾರ ತನ್ನ ಹೊಣೆಯಲ್ಲಿ ಆಯಾ ಕಾರ್ಡಿನ ಸ್ಕ್ರಿಪ್ಟನ್ನು (ಆದೇಶಗಳ ಪುಟ್ಟ ಕಡತವನ್ನು) "ಎಫ್‌ಸಿಸಿ-ಅನ್‌ಲಾಕ್" ಕಡತಕೋಶಕ್ಕೆ ಕೊಂಡಿ ಹಾಕಿದರೆ ಮಾತ್ರ ತೆರೆಯುತ್ತದೆ. ಆ ಸ್ಕ್ರಿಪ್ಟುಗಳಿಗೆ ಕಾರ್ಡುಗಳ ಗುರುತಿನ ಸಂಖ್ಯೆಯೇ ಹೆಸರು. ನನ್ನ ಕಾರ್ಡಿನ ಸಂಖ್ಯೆ ಅಲ್ಲಿ ಇಲ್ಲ. ಹತ್ತಿರದ ಸಂಬಂಧಿಯಂತೆ ಕಂಡ ಇನ್ನೊಂದು ಸಂಖ್ಯೆಯ ಸ್ಕ್ರಿಪ್ಟನ್ನು ಕೊಂಡಿ ಹಾಕಿ ನೋಡಿದೆನೆಂಬುದನ್ನು ಮುಚ್ಚಿಡುವುದಿಲ್ಲ, ಬೀಗ ಕದಲಲಿಲ್ಲ. ಕಾರ್ಡು ಕೇಳುವ ಪ್ರಶ್ನೆಗೆ ಉತ್ತರ ತಮ್ಮ ಬಳಿ ಮಾತ್ರ ಇದೆ. ಶಿರಸಿಯ ಸಂಘದ ಕಚೇರಿಯಲ್ಲಿ ಕುಳಿತ ನನ್ನ ಮೋಡೆಮ್ ಅಮೆರಿಕದ ಕಾನೂನನ್ನು ಇಷ್ಟು ನಿಷ್ಠೆಯಿಂದ ಪಾಲಿಸುತ್ತಿರುವುದು ಮೆಚ್ಚತಕ್ಕ ವಿಷಯವೇ, ಆದರೆ ಅದಕ್ಕೆ ನಾನು 9,440 ರೂಪಾಯಿ ಕೊಟ್ಟಿರಲಿಲ್ಲ.

ದೂರವಾಣಿಯಲ್ಲಿ ನಡೆದ ಏಳು ಮಾತುಕತೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆಯಿರಿ ಎಂದು ಐವರು ಹೇಳಿದರು. ಅದು ವಿಂಡೋಸ್‌ನಲ್ಲಿರುವುದು ಎಂದಾಗ ಐವರೂ ಕರೆಯನ್ನು "ಮೇಲಿನ ತಂಡ"ಕ್ಕೆ ವರ್ಗಾಯಿಸಿದರು, ವರ್ಗಾವಣೆಯಲ್ಲಿ ಐದೂ ಸಲ ಕರೆ ಕಡಿದುಹೋಯಿತು. ಆರನೆಯವರು ಮೊಬೈಲಿನ ಹಾಟ್‌ಸ್ಪಾಟ್ ಬಳಸಬಹುದಲ್ಲ ಎಂದು ಸಲಹೆ ಕೊಟ್ಟರು. ಬಳಸಬಹುದೆಂದು ನನಗೂ ಗೊತ್ತಿದೆ, ಈ ದೂರಿನ ಇ-ಮೇಲ್ ಪ್ರತಿಯೂ ತಮಗೆ ಹಾಗೆಯೇ ತಲುಪಿದೆ. ಏಳನೆಯವರು ಹುಬ್ಬಳ್ಳಿಯ ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯಿರಿ ಎಂದರು. ಅಲ್ಲಿ ನಡೆದದ್ದನ್ನು ಮಾತ್ರ ವಿವರವಾಗಿ ಹೇಳಲೇಬೇಕು.

ಬೆಳಗಿನ ಬಸ್ಸಿಗೆ ಹೊರಟು, ಮುಂಡಗೋಡ ಮಾರ್ಗವಾಗಿ, ಹತ್ತೂ ಇಪ್ಪತ್ತಕ್ಕೆ ಕೇಂದ್ರವನ್ನು ತಲುಪಿದೆ. ಟೋಕನ್ ಸಂಖ್ಯೆ 14. ಕೌಂಟರಿನಲ್ಲಿದ್ದ ತರುಣ ಲ್ಯಾಪ್‌ಟಾಪು ತೆರೆದವರೇ, "ಸರ, ಇದರಾಗ ವಿಂಡೋಸ್ ಇಲ್ಲಲ್ರೀ" ಎಂದರು. ಇಲ್ಲ, ನಿಮ್ಮ ಕಂಪನಿಯೇ ಉಬುಂಟು ಹಾಕಿ ಕಳುಹಿಸಿದೆ ಎಂದೆ. "ಕಂಪನಿಯವ್ರು ಹಂಗ ಕಳಸೂದಿಲ್ರೀ, ಯಾರೋ ನಿಮಗ ಹಾಕಿ ಕೊಟ್ಟಾರ." ಇನ್‌ವಾಯ್ಸಿನ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅದನ್ನು ತೆಗೆದುಕೊಂಡು ಒಳಗೆ ಹೋದವರು ಹನ್ನೊಂದು ನಿಮಿಷ ಬಿಟ್ಟು ಬಂದು, ಎಲ್ಲರೂ ಕೇಳುವಂತೆ, "ಇದು ಒರಿಜಿನಲ್ ಬಿಲ್ ಐತೇನ್ರೀ?" ಎಂದರು. ಮಾನ್ಯರೇ, ಮೂವತ್ತೊಂದು ವರ್ಷಗಳಿಂದ ಬೇರೆಯವರ ಬಿಲ್ಲು, ವೋಚರುಗಳನ್ನು ಅನುಮಾನದಿಂದ ನೋಡುತ್ತ ಹೊಟ್ಟೆ ಹೊರೆದವನು ನಾನು. ನನ್ನ ಕೈಯಲ್ಲಿದ್ದ ಬಿಲ್ಲನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡಿದ್ದು ಅದೇ ಮೊದಲು.

ಆಮೇಲೆ ನಾನು ಟರ್ಮಿನಲ್ ತೆರೆದು ಕರ್ನೆಲ್ಲಿನ ದಾಖಲೆಯನ್ನು ತೋರಿಸಲು ಹೋದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದ್ದನ್ನು ಕಂಡ ತರುಣ ಹಿಂದಕ್ಕೆ ತಿರುಗಿ, "ಏ ಬರ್ರಲೇ, ಅಂಕಲ್ ಹ್ಯಾಕಿಂಗ್ ಮಾಡಾಕ್ಹತ್ಯಾರ" ಎಂದು ಕೂಗಿದರು. ಒಳಗಿನಿಂದ ಇಬ್ಬರು ಚಹಾದ ಕಪ್ಪು ಹಿಡಿದುಕೊಂಡೇ ಬಂದು ನಿಂತರು. ಪಕ್ಕದ ಕುರ್ಚಿಯಲ್ಲಿದ್ದ ತಾಯಿಯೊಬ್ಬರು ಮಗಳ ಬ್ಯಾಗನ್ನು ತಮ್ಮ ಕಡೆಗೆ ಎಳೆದುಕೊಂಡರು. ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬರು "ಏರೋಪ್ಲೇನ್ ಮೋಡ್ ಆಫ್ ಮಾಡೀರೇನ್ರೀ?" ಎಂದು ಕೇಳಿದರು. ಮಾಡಿದ್ದೇನೆ ಎಂದೆ. ಇನ್ನೊಬ್ಬರೂ ಅದನ್ನೇ ಕೇಳಿದರು. ಅವರಿಗೂ ಅದೇ ಉತ್ತರ ಕೊಟ್ಟೆ. ಎಪಿಎನ್ (ಮೊಬೈಲ್ ಜಾಲದ ಪ್ರವೇಶ ವಿಳಾಸ) "ಬಿಎಸ್‌ಎನ್‌ಎಲ್‌ನೆಟ್" ಎಂದು ಹಾಕಿ ನೋಡಿ ಎಂಬ ಸಲಹೆಯೂ ಬಂತು. ಹೊಸಿಲನ್ನೇ ದಾಟದ ರೇಡಿಯೊಕ್ಕೆ ಊರಿನ ವಿಳಾಸ ಕೊಟ್ಟು ಏನು ಪ್ರಯೋಜನ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಒಂದೂವರೆ ತಾಸು ಕಾಯಿಸಿದ ಮೇಲೆ ತಮ್ಮದೇ ಒಂದು ಡಿಸ್ಕಿನಿಂದ ವಿಂಡೋಸ್ ಚಾಲೂ ಮಾಡಿದರು. ಅರ್ಧ ನಿಮಿಷದಲ್ಲಿ ಸಿಗ್ನಲ್ಲಿನ ನಾಲ್ಕು ಗೆರೆಗಳು ಬಂದವು. ತರುಣ ಪರದೆಯನ್ನು ನನ್ನ ಕಡೆಗೆ, ನನಗಿಂತ ಹೆಚ್ಚಾಗಿ ಕಾದು ಕುಳಿತಿದ್ದವರ ಕಡೆಗೆ ತಿರುಗಿಸಿ, "ನೋಡ್ರೀ, ಕಾರ್ಡ್ ಚಲೋ ಐತಿ, ಪ್ರಾಬ್ಲಮ್ ನಿಮ್ಮ ಕಡೀಗೈತಿ" ಎಂದರು. ಯಾರೋ ನಕ್ಕರು. ನಾನು ಎರಡು ತಿಂಗಳಿಂದ ತಮಗೆ ಬರೆಯುತ್ತಿದ್ದ ಮಾತನ್ನೇ, ಅಂದರೆ ಕಾರ್ಡು ಸರಿಯಿದೆ, ಆಂಟೆನಾ ಸರಿಯಿದೆ, ವಿಂಡೋಸ್‌ಗೆ ಕೊಟ್ಟ ಕೀಲಿಯನ್ನು ಉಬುಂಟುವಿಗೆ ಕೊಟ್ಟಿಲ್ಲವೆಂಬುದನ್ನೇ, ಅವರು ಸಾರ್ವಜನಿಕವಾಗಿ ಸಾಬೀತು ಮಾಡಿದ್ದರು. ಆದರೆ ಅದು ನನ್ನ ವಿರುದ್ಧದ ಸಾಕ್ಷಿಯಾಯಿತು. "ಗ್ರಾಹಕರೇ ಉಂಟುಮಾಡಿದ ತಂತ್ರಾಂಶ ದೋಷ" ಎಂಬ ಚೌಕದಲ್ಲಿ ಗುರುತು ಹಾಕಿದ್ದ ಕಾಗದಕ್ಕೆ ಸಹಿ ಮಾಡಲು ಹೇಳಿದರು. ಒಪ್ಪಲಿಲ್ಲ. ಪರಿಶೀಲನಾ ಶುಲ್ಕ 500, ಜಿಎಸ್‌ಟಿ 90, ಒಟ್ಟು 590 ರೂಪಾಯಿ ಕೊಡುವ ತನಕ ಲ್ಯಾಪ್‌ಟಾಪು ಕೌಂಟರಿನ ಒಳಬದಿಯಲ್ಲೇ ಇರುತ್ತದೆ ಎಂದರು. ಕೊನೆಗೆ ಹಣ ಕೊಟ್ಟು, "ಆಕ್ಷೇಪಣೆಗೆ ಒಳಪಟ್ಟು" ಎಂದು ಬರೆದು ಸಹಿ ಮಾಡಿದೆ. ಆ ಎರಡು ಪದಗಳನ್ನು ಅವರು ಓದಿಸಿಕೊಂಡರು, ಅರ್ಥವನ್ನೂ ಕೇಳಿದರು.

ಆ ತರುಣನ ಮೇಲೆ ಕ್ರಮ ಬೇಡ. ಬೀಗ ಹಾಕಿದವರು ಇದ್ದಾರೆಂಬುದನ್ನೇ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ವಾರಂಟಿ ಪುಸ್ತಿಕೆ ತಮ್ಮದೇ ಆದ್ದರಿಂದ ಅದರ ಷರತ್ತುಗಳು ತಮಗೆ ಬಾಯಿಪಾಠವೆಂದು ನಂಬಿ ಇಲ್ಲಿ ನಕಲು ಮಾಡುತ್ತಿಲ್ಲ. ಕಾರ್ಖಾನೆಯಲ್ಲಿ ಅಳವಡಿಸಿದ ಆಪರೇಟಿಂಗ್ ಸಿಸ್ಟಮ್ಮಿನೊಂದಿಗೆ ಎಲ್ಲ ಭಾಗಗಳೂ ಕೆಲಸ ಮಾಡಬೇಕೆಂಬ ನಾಲ್ಕನೆಯ ಷರತ್ತನ್ನೂ, ವಾರಂಟಿ ಅವಧಿಯಲ್ಲಿ ಪರಿಶೀಲನಾ ಶುಲ್ಕ ಪಡೆಯತಕ್ಕದ್ದಲ್ಲವೆಂಬ ಒಂಬತ್ತನೆಯ ಷರತ್ತನ್ನೂ ತಾವು ಮರೆತಿರಲಾರಿರಿ. ತಮ್ಮದೇ ಬೇರೆ ಮಾದರಿಗಳ ಕಾರ್ಡುಗಳಿಗೆ ಲಿನಕ್ಸ್‌ನಲ್ಲಿ ಬೀಗ ತೆರೆಯುವ ಪ್ಯಾಕೇಜನ್ನು ತಾವು ಕೊಟ್ಟಿರುವುದನ್ನು ಕಂಡಿದ್ದೇನೆ. ಆದ್ದರಿಂದ ಇದು ಆಗದ ಕೆಲಸವೆಂದು ಮಾತ್ರ ಬರೆಯಬೇಡಿ.

ಆ ಪ್ಯಾಕೇಜನ್ನು ನನ್ನ ಕಾರ್ಡಿಗೂ ಕೊಡಿ, ಇಲ್ಲವೇ 9,440 ಮತ್ತು 590, ಒಟ್ಟು 10,030 ರೂಪಾಯಿಗಳನ್ನು ಮರಳಿಸಿ ಎಂದು ನಾಲ್ಕನೆಯ ಪತ್ರದಲ್ಲಿ ಕೇಳಿದ್ದೆ. ನಿಜ ಹೇಳಬೇಕೆಂದರೆ, ಈಗ ಆ ಹಣದ ಮೇಲೆ ನನಗೆ ಅಷ್ಟು ಆಸೆ ಉಳಿದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು, ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಅವಧಿ ಎರಡು ವರ್ಷ. ಅಂದರೆ ಕಾರವಾರದ ಜಿಲ್ಲಾ ಆಯೋಗಕ್ಕೆ ನಾನು ಘಟ್ಟ ಇಳಿದು ಹೋಗಬೇಕು, ತಾವು ಬೆಂಗಳೂರಿನಿಂದ ಬರಬೇಕು. ಪ್ರತಿ ವಾಯಿದೆಗೂ ನಾನು ತಪ್ಪದೆ ಬರುತ್ತೇನೆ, ಬುತ್ತಿ ಕಟ್ಟಿಕೊಂಡೇ ಬರುತ್ತೇನೆ. ತಮ್ಮ ಸಾಕ್ಷಿಗಳಿಗೆ ಅಡ್ಡ ಪ್ರಶ್ನೆ ಕೇಳುವಾಗ ಮೊದಲ ಪ್ರಶ್ನೆ ಏರೋಪ್ಲೇನ್ ಮೋಡಿನ ಬಗ್ಗೆಯೇ ಇರುತ್ತದೆ, ಎರಡನೆಯದೂ ಅದೇ ಇರುತ್ತದೆ. ಇದಲ್ಲದೆ, ನಾನು ಲೆಕ್ಕ ನೋಡುವ ಹದಿನೇಳು ಸಂಘಗಳಲ್ಲಿ ಈ ವರ್ಷ ಆರು ಸಂಘಗಳು ಹೊಸ ಕಂಪ್ಯೂಟರುಗಳನ್ನು ಕೊಳ್ಳಲಿವೆ; ದರಪಟ್ಟಿಯ ಕಡತದಲ್ಲಿ ತಮ್ಮ ಹೆಸರು ಕಂಡುಬಂದರೆ ಈ ಪತ್ರದ ಒಂದು ಪ್ರತಿಯನ್ನು ಅದರೊಳಗೆ ಇಡುವಂತೆ ಕಾರ್ಯದರ್ಶಿಗಳಿಗೆ ಈಗಾಗಲೇ ಹೇಳಿದ್ದೇನೆ.

ಹದಿನೈದನೆಯ ದಿನದ ಬೆಳಿಗ್ಗೆ ಕಾರವಾರದ ಬಸ್ಸು ಹತ್ತುತ್ತೇನೆ. ಅಷ್ಟರೊಳಗೆ "ಪರಿಹಾರವಾಗಿದೆಯೆಂದು ಭಾವಿಸುತ್ತೇವೆ" ಎಂಬ ಐದನೆಯ ಸಂದೇಶ ಬಂದರೆ ಹದಿನೈದು ದಿನವೂ ಕಾಯುವುದಿಲ್ಲ.

ಇಲ್ಲಿ "ತಮ್ಮ ವಿಶ್ವಾಸಿ" ಎಂದು ಬರೆಯುವುದು ರೂಢಿ. ಈ ಸಲ ಬರೆಯುತ್ತಿಲ್ಲ.

ಇತಿ,
ಟೋಕನ್ ಸಂಖ್ಯೆ 14
ಶಿರಸಿ