ಭಂಗಿ ಎಣ್ಣೆಯ ಬಾಟಲಿ ಮೇಲೆ ಎಚ್ಚರಿಕೆ ಕನ್ನಡದಲ್ಲೂ ಇರಲಿ

ಸಂಪಾದಕರಿಗೆ ನಮಸ್ಕಾರ.

ನನ್ನ ಅಪ್ಪನಿಗೆ 73 ವರ್ಷ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಬರುವುದೇ ಕಷ್ಟವಾಯಿತು. ಹತ್ತಕ್ಕೆ ಮಲಗುತ್ತಾರೆ, ಒಂದೂವರೆಗೆ ಎದ್ದು ಕೂರುತ್ತಾರೆ, ಆಮೇಲೆ ಹಾಲಿನವನು ಬರುವ ತನಕ ಹಜಾರದಲ್ಲಿ ಓಡಾಟ. ಬಿಸಿ ಹಾಲಿಗೆ ಜಾಯಿಕಾಯಿ ತೇಯ್ದು ಕೊಟ್ಟೆವು, ಗಸಗಸೆ ಪಾಯಸ ಮಾಡಿದೆವು, ನೆತ್ತಿಗೆ ಹರಳೆಣ್ಣೆ ತಟ್ಟಿದೆವು. ಒಂದೆರಡು ದಿನ ಪರವಾಗಿಲ್ಲ ಅನ್ನಿಸಿತು, ಮತ್ತೆ ಅದೇ ಕತೆ. ನಿದ್ದೆ ಮಾತ್ರೆ ಬೇಡ, ಅದು ಅಭ್ಯಾಸವಾಗಿಬಿಡುತ್ತೆ ಅಂತ ಅವರದ್ದೇ ಹಟ. ಅಷ್ಟರಲ್ಲಿ ಅವರ ಮೊಬೈಲಿನಲ್ಲಿ ಒಂದು ಜಾಹೀರಾತು ಕಾಣಿಸಿತು. ವಿಜಯಾ ಎಣ್ಣೆ, ಅಪ್ಪಟ ಆಯುರ್ವೇದ, ಅಡ್ಡ ಪರಿಣಾಮ ಇಲ್ಲ, ರಾತ್ರಿ ನಾಲಿಗೆ ಕೆಳಗೆ ಕೆಲವು ಹನಿ ಬಿಟ್ಟುಕೊಂಡರೆ ಸಾಕು.

ವಿಜಯಾ ಅಂದರೆ ಭಂಗಿ ಸೊಪ್ಪು, ಗಾಂಜಾ ಗಿಡದ್ದೇ ಎಲೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ವಿಳಾಸ ಹಾಕಿದರು. ಮಾರನೇ ದಿನ ಡಾಕ್ಟರು ಅಂತ ಒಬ್ಬರು ಫೋನ್ ಮಾಡಿ ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡಿದರು. ವಯಸ್ಸು ಕೇಳಿದರು, ತೂಕ ಕೇಳಿದರು, ಎಷ್ಟು ಹೊತ್ತು ನಿದ್ದೆ ಬರುತ್ತೆ ಅಂತ ಕೇಳಿದರು. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಮಾತ್ರ ಕೇಳಲಿಲ್ಲ. ಅಪ್ಪನಿಗೆ ಹೃದಯದ ಕವಾಟ ಬದಲಾಯಿಸಿದ್ದಾರೆ, ಅವತ್ತಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ನಾಲ್ಕು ದಿನದಲ್ಲಿ ಕೊರಿಯರ್‌ನಲ್ಲಿ ಬಾಟಲಿ ಬಂತು.

ಸುಳ್ಳು ಹೇಳುವುದಿಲ್ಲ, ಮೊದಲ ವಾರ ಅಪ್ಪ ಚೆನ್ನಾಗಿ ಮಲಗಿದರು. ಬೆಳಿಗ್ಗೆ ಆರಕ್ಕೆ ನಾನೇ ಹೋಗಿ ಎಬ್ಬಿಸಬೇಕಾಗುತ್ತಿತ್ತು, ನಮಗೆಲ್ಲ ಎಷ್ಟು ಸಮಾಧಾನ ಆಗಿತ್ತು ಅಂದರೆ ಪಕ್ಕದ ಮನೆಯವರಿಗೂ ಹೇಳಿಬಿಟ್ಟಿದ್ದೆ. ಎರಡನೇ ವಾರ ಐದು ಹನಿ ಸಾಲದೆ ಹತ್ತಾಯಿತು. ಮೂರನೇ ವಾರದ ಒಂದು ರಾತ್ರಿ ಹತ್ತು ಹನಿ ಹಾಕಿಕೊಂಡು ಮುಕ್ಕಾಲು ಗಂಟೆ ಕಾದು, ಏನೂ ಆಗಲಿಲ್ಲ ಅಂತ ಇನ್ನೂ ಹತ್ತು ಹಾಕಿಕೊಂಡಿದ್ದಾರೆ. ಮೂರು ಗಂಟೆಗೆ ಬಚ್ಚಲಿಗೆ ಅಂತ ಎದ್ದವರು ತಲೆ ಸುತ್ತಿ ಬಾಗಿಲಲ್ಲೇ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು, ಸೊಂಟದ ಪಕ್ಕ ಅಂಗೈ ಅಗಲ ಕಪ್ಪಗೆ ರಕ್ತ ಕಟ್ಟಿತು. ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅಮ್ಮ ಎಲ್ಲಿ, ಅವಳೂ ಬರಲಿ ಅಂತ ನನ್ನನ್ನೇ ಕೇಳಿದರು. ಅದನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಐಎನ್‌ಆರ್ ಅಂತ ಒಂದು ಲೆಕ್ಕ ಇರುತ್ತದೆ, ಅದು ಏರಿದಷ್ಟೂ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಅಪ್ಪನಿಗೆ ಅದು 2ರಿಂದ 3ರ ಒಳಗಿರಬೇಕು, ಅವತ್ತು 4 ದಾಟಿತ್ತು. ಗಾಂಜಾ ಗಿಡದ ಅಂಶಗಳು, ಅದರಲ್ಲೂ ಸಿಬಿಡಿ ಅನ್ನುವುದು, ವಾರ್ಫರಿನ್ ಕರಗಿಸುವ ಯಕೃತ್ತಿನ ಕೆಲಸವನ್ನು ನಿಧಾನ ಮಾಡುತ್ತವೆ, ಹಾಗಾಗಿ ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಪ್ರಭಾವ ಏರುತ್ತಾ ಹೋಗುತ್ತದೆ ಅಂತ ಡಾಕ್ಟರು ವಿವರಿಸಿದರು. ಇದೊಂದೇ ಕಾರಣ ಅಂತ ಖಡಾಖಂಡಿತವಾಗಿ ಹೇಳಲು ಆಗುವುದಿಲ್ಲ ಅಂತಲೂ ಅವರೇ ಹೇಳಿದರು. ಆದರೆ ಫೋನಿನಲ್ಲಿ ಆ ಒಂದು ಪ್ರಶ್ನೆ ಕೇಳಿದ್ದರೆ ಬಾಟಲಿ ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ, ಅಲ್ವಾ?

ಆಮೇಲೆ ನಾನು ಕೂತು ಓದಿದೆ. ಮಾದಕ ವಸ್ತು ತಡೆಯುವ ಕೇಂದ್ರದ ಎನ್‌ಡಿಪಿಎಸ್ ಕಾಯ್ದೆ ಬಂದಿದ್ದು 1985ರಲ್ಲಿ. ಅದರಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ, ಚರಸ್ ಅಂದರೆ ಅಂಟು. ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ, ಎಲೆಯ ವಿಚಾರ ರಾಜ್ಯಗಳ ಅಬಕಾರಿ ಕಾನೂನಿಗೆ ಬಿಟ್ಟಿದ್ದು. ನಮ್ಮ ಹೈಕೋರ್ಟ್ ಕೂಡ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಭಂಗಿನ ಬಗ್ಗೆ ಹೀಗೇ ಹೇಳಿತ್ತು. ಎಲೆಯಿಂದ ತಯಾರಿಸಿದ ಆಯುರ್ವೇದ ಔಷಧಕ್ಕೆ ಪರವಾನಗಿ ಸಿಗುವುದು ಈ ದಾರಿಯಲ್ಲೇ. 2020ರ ಫೆಬ್ರವರಿಯಲ್ಲಿ ಕೋರಮಂಗಲದಲ್ಲಿ ಇದಕ್ಕೇ ಅಂತ ಒಂದು ಕ್ಲಿನಿಕ್ ಕೂಡ ಶುರುವಾಯಿತು. ಅಂದರೆ ಇದು ಕದ್ದು ಮಾರುವ ಮಾಲಲ್ಲ. ಇದನ್ನು ನಿಷೇಧಿಸಿ ಅಂತಲೂ ನಾನು ಕೇಳುತ್ತಿಲ್ಲ, ಕ್ಯಾನ್ಸರ್ ನೋವಿನಲ್ಲಿ ಇರುವವರಿಗೆ ಇದರಿಂದ ಒಂದಿಷ್ಟು ಆರಾಮ ಸಿಗುವುದಾದರೆ ಅದನ್ನು ಕಸಿದುಕೊಳ್ಳುವ ಮನಸ್ಸು ನನಗಿಲ್ಲ.

ನಾನು ಕೇಳುತ್ತಿರುವುದು ಬೇರೆ. ಔಷಧ ಮತ್ತು ಪ್ರಸಾಧನ ನಿಯಮಗಳಲ್ಲಿ ಇ(1) ಅಂತ ಒಂದು ಪಟ್ಟಿ ಇದೆ, ವಿಷದ ಗುಣ ಇರುವ ಆಯುರ್ವೇದ ಪದಾರ್ಥಗಳ ಪಟ್ಟಿ. ಭಂಗಿ ಸೊಪ್ಪು ಅದರಲ್ಲಿದೆ. ಆ ಪಟ್ಟಿಯ ಪದಾರ್ಥ ಹಾಕಿ ಹೊಟ್ಟೆಗೆ ತೆಗೆದುಕೊಳ್ಳುವ ಔಷಧ ಮಾಡಿದರೆ, ವೈದ್ಯರ ಉಸ್ತುವಾರಿಯಲ್ಲೇ ಸೇವಿಸಬೇಕು ಅನ್ನುವ ಎಚ್ಚರಿಕೆಯನ್ನು ಬಾಟಲಿ ಮೇಲೆ ಎದ್ದು ಕಾಣುವ ಹಾಗೆ ಹಾಕಬೇಕು ಅಂತ 161ನೇ ನಿಯಮ ಹೇಳುತ್ತದೆ. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಮ್ಮ ಬಾಟಲಿ ಮೇಲೂ ಆ ಎರಡು ಸಾಲು ಇದ್ದವು. ನನ್ನ ಅಪ್ಪ ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಓದಿ ನಲವತ್ತು ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರು. ದಿನಾ ಬೆಳಿಗ್ಗೆ ನಿಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುತ್ತಾರೆ. ಅವರಿಗೆ ಓದಲು ಬರದೇ ಇದ್ದಿದ್ದು ಆ ಎಚ್ಚರಿಕೆ ಒಂದೇ. ಜಾಹೀರಾತು ಮಾತ್ರ ಸ್ವಚ್ಛ ಕನ್ನಡದಲ್ಲಿತ್ತು.

ಇನ್ನೊಂದು ವಿಷಯ. ಬಾಟಲಿ ಮೇಲೆ ಸಾರ ಇಷ್ಟು ಮಿಲಿಗ್ರಾಂ ಅಂತ ದೊಡ್ಡ ಅಂಕಿ ಇತ್ತು. ಆದರೆ ಸಾರದ ತೂಕ ಬೇರೆ, ಅದರೊಳಗೆ ಮತ್ತು ತರಿಸುವ ಟಿಎಚ್‌ಸಿ ಎಷ್ಟು ಅನ್ನುವುದು ಬೇರೆ. ಎಲೆಯಲ್ಲೂ ಟಿಎಚ್‌ಸಿ ಇರುತ್ತದೆ, ಸಾರ ತೆಗೆದರೆ ಅದೂ ಎಣ್ಣೆಗೆ ಇಳಿಯುತ್ತದೆ. ಒಂದು ಹನಿಗೆ ಎಷ್ಟು ಟಿಎಚ್‌ಸಿ, ಎಷ್ಟು ಸಿಬಿಡಿ ಅಂತ ನಮ್ಮ ಬಾಟಲಿಯಲ್ಲಿ ಎಲ್ಲೂ ಇರಲಿಲ್ಲ. ಕಾಫಿಪುಡಿ ಪೊಟ್ಟಣದ ಮೇಲೂ ಕಾಫಿ ಶೇಕಡಾ ಇಷ್ಟು, ಚಿಕೋರಿ ಶೇಕಡಾ ಇಷ್ಟು ಅಂತ ಇರುತ್ತದಲ್ಲ, ತಲೆ ತಿರುಗಿಸುವ ಔಷಧಕ್ಕೆ ಅಷ್ಟೂ ಬೇಡವೇ?

ಇದು ಇವತ್ತಿನ ಸಮಸ್ಯೆ ಅಲ್ಲ, ಭಂಗಿಯನ್ನು ಟಿಂಚರ್ ಮಾಡಿ ಕೊಡುತ್ತಿದ್ದ ಕಾಲದ್ದು. ಟಿಂಚರ್ ಅಂದರೆ ನಮಗೆಲ್ಲ ಗಾಯಕ್ಕೆ ಹಚ್ಚಿದರೆ ಉರಿಯುವ ಔಷಧ ನೆನಪಾಗುತ್ತದೆ, ಆದರೆ ಮದ್ಯಸಾರದಲ್ಲಿ ಕರಗಿಸಿದ ಯಾವ ಔಷಧಕ್ಕೂ ಅದೇ ಹೆಸರು. ಭಂಗಿಯ ಟಿಂಚರ್ ಪಶ್ಚಿಮದ ವೈದ್ಯರಿಗೆ ಹೋಗಿದ್ದೇ ನಮ್ಮ ದೇಶದಿಂದ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿದ್ದ ವಿಲಿಯಂ ಓಶಾನೆಸ್ಸಿ ಅನ್ನುವ ಐರಿಷ್ ವೈದ್ಯರು 1839ರಲ್ಲಿ ಇದರ ಬಗ್ಗೆ ಬರೆದರು. ವಿಕ್ಟೋರಿಯಾ ರಾಣಿಯ ವೈದ್ಯರಲ್ಲಿ ಒಬ್ಬರಾದ ರಸೆಲ್ ರೆನಾಲ್ಡ್ಸ್ 1890ರಲ್ಲಿ ಮುದುಕರ ನಿದ್ದೆಗೇಡಿಗೆ ಇದು ಒಳ್ಳೆಯದು ಅಂತಲೇ ಹೇಳಿದರು, ಜೊತೆಗೆ ತೀರಾ ಕಡಿಮೆಯಿಂದ ಶುರು ಮಾಡಿ, ಮೂರು ನಾಲ್ಕು ದಿನಕ್ಕೆ ಒಂದು ಹನಿಯಂತೆ ಮಾತ್ರ ಹೆಚ್ಚಿಸಿ ಅಂತಲೂ ಎಚ್ಚರಿಸಿದರು. ಒಂದು ಸೀಸೆಯಲ್ಲಿದ್ದ ಶಕ್ತಿ ಇನ್ನೊಂದು ಸೀಸೆಯಲ್ಲಿ ಇರುತ್ತಿರಲಿಲ್ಲ, ಆಗಿನ ವೈದ್ಯರಿಗೆ ಅದೇ ದೊಡ್ಡ ತಲೆನೋವು. ನೂರಮೂವತ್ತು ವರ್ಷ ಕಳೆದಿದೆ. ಈಗ ಹನಿಯಲ್ಲಿ ಏನಿದೆ ಅಂತ ಅಳೆಯುವ ಯಂತ್ರ ಇದೆ, ಅಳೆದದ್ದನ್ನು ಚೀಟಿ ಮೇಲೆ ಬರೆಯುವುದಕ್ಕೆ ಏನು ಕಷ್ಟ?

ಈ ಎಣ್ಣೆ ಮನೆಯಲ್ಲಿ ಇಟ್ಟುಕೊಂಡಿರುವ ಓದುಗರಿಗೂ ನಾಲ್ಕು ಮಾತು ಹೇಳಬೇಕು. ಹೊಟ್ಟೆಗೆ ಇಳಿದ ಹನಿ ಕೆಲಸ ಶುರು ಮಾಡಲು ಅರ್ಧ ಗಂಟೆಯೂ ಆಗಬಹುದು, ಎರಡು ಗಂಟೆಯೂ ಆಗಬಹುದು. ಏನೂ ಆಗಲಿಲ್ಲ ಅಂತ ಇನ್ನಷ್ಟು ಹಾಕಿಕೊಂಡರೆ ಎರಡೂ ಸೇರಿ ನಡುರಾತ್ರಿ ಹೊಡೆಯುತ್ತವೆ, ವಯಸ್ಸಾದವರಿಗೆ ಎದ್ದು ನಿಂತ ಕೂಡಲೇ ಬಿಪಿ ಇಳಿಯಬಹುದು. ದಿನಾ ತೆಗೆದುಕೊಂಡರೆ ಮೈ ಒಗ್ಗಿಹೋಗಿ ಜಾಸ್ತಿ ಬೇಕಾಗುತ್ತದೆ. ನಿಲ್ಲಿಸಿದ ಮೇಲೆ ಕೆಲವು ದಿನ ಮೊದಲಿಗಿಂತ ನಿದ್ದೆ ಕೆಡುತ್ತದೆ, ಟಿಎಚ್‌ಸಿ ಕನಸಿನ ನಿದ್ದೆಯನ್ನು ಅದುಮಿಟ್ಟಿರುವುದರಿಂದ ಎಚ್ಚರವಾಗುವಷ್ಟು ಕನಸು ಬೀಳುತ್ತವೆ. ಅಪ್ಪ ಹತ್ತು ದಿನ ಅದನ್ನು ಅನುಭವಿಸಿದರು, ಅಭ್ಯಾಸವಾಗುತ್ತೆ ಅಂತ ಮಾತ್ರೆ ಬೇಡ ಅಂದವರು. ಗೊರಕೆ ಹೊಡೆಯುತ್ತಾ ಮಧ್ಯೆ ಉಸಿರು ನಿಲ್ಲುವ ಕಾಯಿಲೆ ಇದ್ದರಂತೂ ಇದನ್ನು ಚಿಕಿತ್ಸೆ ಅಂತ ಬಳಸಬೇಡಿ ಅಂತ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2018ರಲ್ಲೇ ಹೇಳಿದೆ. ಮತ್ತೆ, ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳಿಗೆ ಒಂದು ವಿನಂತಿ. ಅಲ್ಲಿ 2018ರಿಂದ ಅಂಗಡಿಯಲ್ಲೇ ಸಿಗುತ್ತದೆ ಅಂತ ಅಪ್ಪ ಅಮ್ಮನಿಗೆ ಸೂಟ್‌ಕೇಸಿನಲ್ಲಿ ತರಬೇಡಿ, ಅದು ಹೂವಿನ ಸಾರ, ಇಲ್ಲಿ ವಿಮಾನ ಇಳಿದ ಕೂಡಲೇ ಎನ್‌ಡಿಪಿಎಸ್ ಕೇಸು.

ಅಪ್ಪನಿಗೆ ಕೊನೆಗೆ ನೆರವಾಗಿದ್ದು ಬೇರೆಯೇ. ನಿದ್ದೆಗೇಡಿಗೆ ಮಾತ್ರೆಗಿಂತ ಮೊದಲು ಕೊಡಬೇಕಾದ ಒಂದು ಚಿಕಿತ್ಸೆ ಇದೆ, ಅಭ್ಯಾಸ ಮತ್ತು ಯೋಚನೆ ತಿದ್ದುವ ಚಿಕಿತ್ಸೆ, ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಅದನ್ನು ಮೊದಲ ಸಾಲಿಗೆ ಹಾಕಿದೆ. ಆ ಚಿಕಿತ್ಸೆ ಕೊಟ್ಟವರು ಅಪ್ಪನಿಗೆ ಮಧ್ಯಾಹ್ನದ ಮಲಗಾಟ ಬಿಡಿಸಿದರು. ರಾತ್ರಿ ಹನ್ನೊಂದೂವರೆಗೆ ಮುಂಚೆ ಹಾಸಿಗೆಗೆ ಹೋಗಬೇಡಿ, ಎಷ್ಟೇ ಕೆಟ್ಟ ರಾತ್ರಿ ಆದರೂ ಐದೂವರೆಗೆ ಏಳಿ, ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಕುರ್ಚಿಯಲ್ಲಿ ಕೂರಿ ಅಂದರು. ಅಮ್ಮನ ಬಗ್ಗೆ ಮಾತಾಡಲು ಬಿಟ್ಟರು. ಒಂದೂವರೆ ತಿಂಗಳು ಹಿಡಿಯಿತು. ಈಗ ಐದು ಗಂಟೆ ನಿದ್ದೆ ಬರುತ್ತದೆ, ಅಷ್ಟು ಸಾಕು ಅಂತಾರೆ. ಇದಕ್ಕಾಗಿ ದೊಡ್ಡ ಊರಿಗೆ ಹೋಗಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬಾಟಲಿಯ ಫೋಟೊ, ರಕ್ತ ಪರೀಕ್ಷೆಯ ವರದಿ ಎರಡನ್ನೂ ಸೇರಿಸಿ ಆಯುಷ್ ಇಲಾಖೆಗೆ ಪತ್ರ ಬರೆದಿದ್ದೇನೆ. ಕರ್ನಾಟಕದಲ್ಲಿ ಮಾರುವ ಇ(1) ಪಟ್ಟಿಯ ಔಷಧಗಳ ಮೇಲೆ ಎಚ್ಚರಿಕೆ ಕನ್ನಡದಲ್ಲೂ ಇರಲಿ, ಹನಿಗೆ ಎಷ್ಟು ಟಿಎಚ್‌ಸಿ ಅಂತ ಇರಲಿ, ಬೇರೆ ಮಾತ್ರೆಗಳ ಬಗ್ಗೆ ಕೇಳದೆ ಬಾಟಲಿ ಕಳಿಸುವುದು ನಿಲ್ಲಲಿ, ಈ ಮೂರೇ ಕೇಳಿದ್ದೇನೆ. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ದಯವಿಟ್ಟು ನೀವೂ ಬರೆಯಿರಿ. ಔಷಧದ ಅಡ್ಡ ಪರಿಣಾಮ ತಿಳಿಸುವ ಸರ್ಕಾರದ ಉಚಿತ ಸಂಖ್ಯೆ 1800-180-3024.

ಇಂತಿ,
ಒಬ್ಬ ಓದುಗಿ, ಶಿವಮೊಗ್ಗ